ದುಪ್ಪಟಿಯ ಆ ತುದಿ

ಚಳಿ ಹಿಂದೆ ಸರಿದು ಬಿಸಿಲು ಇನ್ನೂ ಬಲಿಯದ ಕಾಲ. ಬೆಳಗಿನ ಪಾಳಿಯವರು ಮೆಟ್ಟಿಲಿಳಿಯುವ ಹೊತ್ತು. ಆವತ್ತು ನನ್ನ ಬಲಗಾಲು ನಡುಮೆಟ್ಟಿಲ ಮೇಲೆ ನಿಂತೇಬಿಟ್ಟಿತು. ನಾನು ಇಳಿ ಅಂದೆ, ಅದು ಒಲ್ಲೆ ಅಂದಿತು.

"ಏನಕ್ಕಾ, ದಾರಿಗಡ್ಡ ಎಮ್ಮೆ ನಿಂತ ಹಾಗೆ ನಿಂತೆ?" ಅಂತ ಹಿಂದಿನಿಂದ ಯಾರೋ ನಕ್ಕರು. ನಾನೂ ನಕ್ಕೆ. ಕಂಬಿ ಹಿಡಿದುಕೊಂಡು, ನಡಿಗೆ ಕಲಿಯುವ ಮಗುವಿನ ಹಾಗೆ ಒಂದೊಂದು ಮೆಟ್ಟಿಲಿಗೂ ಎರಡು ಕಾಲು ಕೂಡಿಸಿ ಇಳಿದೆ. ಎಲ್ಲ ಶುರುವಾದದ್ದು ಅಲ್ಲಿಂದ.

ನಮ್ಮದು ದೊಡ್ಡ ಹೋಟೆಲಿನ ಒಗೆಯುವ ಕೋಣೆ. ಹೋಟೆಲು ಮೇಲೆ, ನಾವು ನೆಲದ ಕೆಳಗೆ. ಮೇಲಿನವರು ಮಲಗಿ ಎದ್ದ ದುಪ್ಪಟಿ, ತಲೆಯಿಟ್ಟ ದಿಂಬಿನ ಚೀಲ, ಮೈಯೊರೆಸಿದ ಟವೆಲು, ಎಲ್ಲ ಒಂದು ತಗಡಿನ ಕೊಳವೆಯಲ್ಲಿ ಜಾರಿ ದೊಪ್ಪನೆ ನಮ್ಮ ಮುಂದೆ ಬೀಳುತ್ತದೆ. ಒಗೆಯುವುದು ಮಿಷನ್ನು, ಒಣಗಿಸುವುದೂ ಮಿಷನ್ನೇ. ಇಸ್ತ್ರಿಯೂ ಮಡಿಕೆಯೂ ಮಾತ್ರ ಮನುಷ್ಯರದ್ದು. ನಾನು ಇಸ್ತ್ರಿ ಮೇಜಿನವಳು. ನನ್ನ ತಂಗಿ ಮಡಿಕೆಯವಳು.

ದೊಡ್ಡ ದುಪ್ಪಟಿಯನ್ನು ಒಬ್ಬರೇ ಮಡಿಸಲಾಗದು. ಆ ತುದಿ ಒಬ್ಬರು, ಈ ತುದಿ ಒಬ್ಬರು ಹಿಡಿದು, ಝಾಡಿಸಿ, ಬಿಗಿಯಾಗಿ ಎಳೆದು, ಉದ್ದಕ್ಕೆ ಮಡಚಿಕೊಂಡು, ಆಮೇಲೆ ಒಬ್ಬರ ಕಡೆಗೆ ಒಬ್ಬರು ನಡೆದು ಬರಬೇಕು. ನಡುವೆ ಕೈಗೆ ಕೈ ತಗಲುತ್ತದೆ. ಮೂಲೆ ಕೊಟ್ಟು, ಬಗ್ಗಿ ಕೆಳಗಿನ ಮಡಿಕೆ ಎತ್ತಿಕೊಂಡು, ಮತ್ತೆ ಹಿಂದಕ್ಕೆ. ನಾನು ಇಸ್ತ್ರಿ ಮುಗಿಸಿದ ಮೇಲೆ ಈ ಕೆಲಸಕ್ಕೆ ತಂಗಿಯ ಎದುರು ನಿಲ್ಲುತ್ತಿದ್ದೆ. ನಮ್ಮಿಬ್ಬರಿಗೆ ಬಾಯಿ ಬೇಕಾಗಿರಲಿಲ್ಲ. ಅವಳು ಎಳೆದ ಬಿಗಿಯಿಂದಲೇ ಅವಳ ಆವತ್ತಿನ ಮನಸ್ಸು ನನ್ನ ಬೆರಳಿಗೆ ತಿಳಿಯುತ್ತಿತ್ತು. ಕಾಲು ಕೆಟ್ಟ ಮೇಲೆ ಅವಳು, "ನೀನು ನಿಂತಿರಕ್ಕಾ, ನಾನೇ ಬರ್ತೀನಿ" ಅಂತ ಪೂರಾ ಉದ್ದ ತಾನೇ ನಡೆದು ಬರುತ್ತಿದ್ದಳು. ನಾನು ಗೂಟದ ಹಾಗೆ ನಿಂತಿರುತ್ತಿದ್ದೆ. ಯಾರ ಕಣ್ಣಿಗೂ ಬೀಳದ ಹಾಗೆ ಅವಳು ಆ ಕಾಲನ್ನು ಮುಚ್ಚಿಟ್ಟಳು. ಅದು ಸುಳ್ಳಲ್ಲ.

ಮುಚ್ಚಿಡಲೇಬೇಕಾಗಿತ್ತು. ನಾವು ಈ ದೇಶದವರಲ್ಲ. ಕೆಲಸವಿರುವ ತನಕ ಇರಬಹುದು, ಇಲ್ಲವೆಂದರೆ ಗಂಟು ಕಟ್ಟಬೇಕು. ಒಗೆಯುವ ಕೋಣೆಯ ಯಜಮಾನಿಕೆ ಒಬ್ಬ ಹೆಂಗಸಿನದು. ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುತ್ತಾಳೆಂದು ನಾವು ಅವಳಿಗೆ ಗಡಿಯಾರಮ್ಮ ಅಂತ ಹೆಸರಿಟ್ಟಿದ್ದೆವು. ಅವಳದ್ದು ನಮ್ಮ ಭಾಷೆಯಲ್ಲ. ಆದರೆ ಇಷ್ಟು ವರ್ಷದಲ್ಲಿ ಅವಳ ಮಾತು ನನಗೆ ನೀರು ಕುಡಿದ ಹಾಗೆ. ಕೆಟ್ಟವಳಲ್ಲ. ಆದರೆ ನಿಲ್ಲಲಾಗದವರನ್ನು ಇಟ್ಟುಕೊಳ್ಳುವವಳಲ್ಲ. "ಕೂತು ಮಾಡೋ ಕೆಲಸ ಮೇಲಿನ ಮಹಡಿಯಲ್ಲಿದೆ" ಅನ್ನುತ್ತಿದ್ದಳು.

ಅಲ್ಲಿ ಒಂದು ಪದ್ಧತಿಯಿತ್ತು. ಬಹಳ ವರ್ಷ ದುಡಿದವರು ಶಾಶ್ವತವಾಗಿ ಊರಿಗೆ ಹೊರಟರೆ ತಮ್ಮ ಮೇಜನ್ನು ಮನೆಯ ಒಬ್ಬರಿಗೆ ಬಿಟ್ಟು ಹೋಗಬಹುದು. ಅದಕ್ಕೆ ಕಾಗದ ಪತ್ರ ಇಲ್ಲ, ಬಾಯಿಮಾತು ಸಾಕು. ಹೋಗುವವರು ಹೇಳಬೇಕು, ಅವರಿಲ್ಲದಿದ್ದರೆ ಮನೆಯವರು ಹೇಳಬೇಕು. ಗೊತ್ತಿಲ್ಲದ ಕೈಗಿಂತ ಗೊತ್ತಿರುವ ಮನೆಯ ಕೈ ಮೇಲು ಅಂತ ಗಡಿಯಾರಮ್ಮನ ಲೆಕ್ಕ. ಹಾಗೆ ತಾಯಿಯ ಮೇಜಿಗೆ ಮಗಳು, ಅತ್ತೆಯ ಮೇಜಿಗೆ ಸೊಸೆ ಬಂದದ್ದನ್ನು ನಾನೇ ನೋಡಿದ್ದೇನೆ.

ನನಗೆ ಮಕ್ಕಳಿಲ್ಲ. ಗಂಡ ಹೋದ ಮೇಲೆ ಈ ದೇಶಕ್ಕೆ ಬಂದವಳು, ಹಿಂದಿನಿಂದ ತಂಗಿಯನ್ನೂ ಕರೆಸಿಕೊಂಡೆ. ಊರಲ್ಲಿ ತಮ್ಮನಿದ್ದಾನೆ, ಅವನ ಮನೆಯಲ್ಲಿ ನನಗೊಂದು ಮೂಲೆಯಿದೆ. ಮೂಲೆಯೇ. ಆ ಇಸ್ತ್ರಿ ಮೇಜು ಬಿಟ್ಟರೆ ಇದು ನನ್ನದು ಅಂತ ಕೈಯಿಡಲು ಭೂಮಿಯ ಮೇಲೆ ನನಗೆ ಬೇರೆ ಜಾಗವಿರಲಿಲ್ಲ.

ಆ ದಿನಗಳಲ್ಲೇ ತಂಗಿಯ ಮಗಳು, ನಾವು ಅಕ್ಕತಂಗಿಯರು ಬಾಡಿಗೆಗಿದ್ದ ಕೋಣೆಗೆ ಬಂದಿದ್ದಳು. ಹುಟ್ಟಿದಾಗ ತೀರಾ ಸಣಕಲಿ ಅಂತ ಕಡ್ಡಿ ಅಂತ ಕರೆದೆವು. ಈಗ ಮೈ ತುಂಬಿದರೂ ಹೆಸರು ಹೋಗಿಲ್ಲ. ಗಂಡನ ಮನೆಯವರು ಅವಳ ಮುಖಕ್ಕೆ ಬಾಗಿಲು ಹಾಕಿದ್ದರು. ತಾಯಿಯನ್ನು ನೋಡುವ ನೆಪದಲ್ಲಿ ಬಂದಿದ್ದಳು. ನೋಡಲು ಬಂದವರು ಮಳೆಗಾಲದ ತನಕ ಇರಬಹುದು, ಅಷ್ಟೇ. ನಮ್ಮ ಎರಡು ಮಂಚದ ನಡುವೆ ನೆಲದಲ್ಲಿ ಮಲಗುತ್ತಿದ್ದಳು. ಬೆಳಗ್ಗೆ ನಾನು ಏಳುವಾಗ ಕಾಲಿಗೆ ಸಿಕ್ಕರೆ, "ತುಳಿ ದೊಡ್ಡಮ್ಮ, ಹಾಗಾದ್ರೂ ಎಚ್ಚರ ಆಗ್ಲಿ" ಅನ್ನುತ್ತಿದ್ದಳು. ನಗಿಸುವ ಹುಡುಗಿ.

ಒಂದು ಸಂಜೆ ತಂಗಿ ನನ್ನ ಮಂಡಿಗೆ ಎಣ್ಣೆ ತಿಕ್ಕಿದಳು. ಆಮೇಲೆ ಕೈ ತೊಳೆದುಕೊಂಡು ಬಂದು, ನಮ್ಮ ದಿಂಬಿನ ಚೀಲ ಮಡಿಸುತ್ತಾ ಹೇಳಿದಳು.

"ಅಕ್ಕಾ, ಮಂಡಿ ಬದಲಾಯಿಸಿಬಿಡು."

"ಬದಲಾಯಿಸೋಕೆ ಅದೇನು ಬಲ್ಬೇನೇ?"

"ಆಚೆ ದೇಶದಲ್ಲಿ ಮಾಡ್ತಾರಂತೆ. ಇಲ್ಲಿ ಒಂದು ಮಂಡಿಗೆ ಕೇಳೋ ದುಡ್ಡಲ್ಲಿ ಅಲ್ಲಿ ಎರಡು ಮಂಡಿ, ಮೇಲೆ ಒಂದು ಹಲ್ಲಿನ ಸೆಟ್ಟು. ಮೇಲಿನ ಮಹಡಿಯ ಅಡುಗೆಯವನ ಹೆಂಡತಿ ಹೋಗಿ ಬಂದ್ಲಲ್ಲ, ಈಗ ಕುಣೀತಾಳೆ."

"ಊರಲ್ಲೇ ಮಾಡಿಸ್ತೀನಿ ಬಿಡು."

"ಊರಲ್ಲಿ? ನೋಡೋಕೆ ಊರೇ ಬರುತ್ತೆ. ಬಾಯಿಂದ ಬಾಯಿಗೆ ಗಡಿಯಾರಮ್ಮನ ಕಿವಿಗೆ ಬೀಳುತ್ತೆ. ತಮ್ಮನೋ, ಇನ್ನು ದುಡಿದಿದ್ದು ಸಾಕು ಅಂತ ವಾಪಸು ಕಳಿಸಲ್ಲ. ಆಚೆ ದೇಶದಲ್ಲಿ ನಿನ್ನನ್ನ ಯಾರು ಬಲ್ಲರು? ಹೋಗು, ಮಾಡಿಸ್ಕೊ, ಬಾ. ಇಲ್ಲಿ ತಮ್ಮನ ಮಗಳ ಮದುವೆ ಅಂತ ಹೇಳೋಣ."

ಮಾತು ಬೆಣ್ಣೆಯಿಂದ ಕೂದಲೆಳೆದ ಹಾಗೆ ನಯವಾಗಿತ್ತು. ನಮ್ಮಂಥವರೆಲ್ಲ ಹೀಗೇ ಮಾಡುತ್ತಾರೆ. ಕಾಯಿಲೆಗೆ ಮದುವೆ ಅಂತ ಹೆಸರಿಟ್ಟು ಹೋಗುತ್ತಾರೆ. ಎಲ್ಲ ಓಡಾಟ ತಂಗಿಯೇ ಮಾಡಿದಳು. ಫೋನಿನಲ್ಲಿ ಆಸ್ಪತ್ರೆಯವರ ಜೊತೆ ಮಾತಾಡಿದವಳು ಅವಳು, ಪೆಟ್ಟಿಗೆ ಕಟ್ಟಿದವಳು ಅವಳು. ಹೊರಡುವ ದಿನ ನಾನು ಹೇಳಿದ ಮಾತು ನೆನಪಿದೆ.

"ಯಾರೇನು ಕೇಳಿದ್ರೂ ನೀನೇ ಏನಾದ್ರೂ ಹೇಳ್ಕೊ. ನನ್ನ ಬಾಯಿ ನಿನ್ನ ಹತ್ರ ಬಿಟ್ಟು ಹೋಗ್ತಿದೀನಿ."

"ಚಿಂತೆ ಬಿಡು" ಅಂದಳು.

ಇಸ್ತ್ರಿಪೆಟ್ಟಿಗೆಯ ಹಿಡಿಗೆ ನಾನು ಒಂದು ಹಳೆಯ ಬಟ್ಟೆ ಸುತ್ತಿದ್ದೆ. ನನ್ನ ಬೆವರು ಕುಡಿದು ಕುಡಿದು ಅದು ಕಂದಿಹೋಗಿತ್ತು. ಹೊರಡುವ ಮುಂಚೆ ಅದನ್ನೊಮ್ಮೆ ಸವರಿ ಬಂದೆ. ಜೊತೆಯವರು, "ಮದುವೆ ಸಿಹಿ ಮರೀಬೇಡಕ್ಕಾ" ಅಂತ ಕಳಿಸಿಕೊಟ್ಟರು.

ಆಚೆ ದೇಶದ ಆಸ್ಪತ್ರೆ ಒಳ್ಳೆಯದೇ. ನೆಲ ಕನ್ನಡಿ. ಆದರೆ ಅಲ್ಲಿದ್ದ ರೋಗಿಗಳಲ್ಲಿ ಆ ದೇಶದವರೇ ಕಡಿಮೆ. ಎಲ್ಲೋ ಹುಟ್ಟಿ, ಎಲ್ಲೋ ದುಡಿದು, ದುಡಿಯುವ ಕಡೆ ಮೈ ರಿಪೇರಿ ಮಾಡಿಸಲಾಗದೆ ಇಲ್ಲಿಗೆ ಬಂದವರು. ಒಬ್ಬೊಬ್ಬರ ಹಾಸಿಗೆಯ ಕೆಳಗೂ ಒಂದೊಂದು ಪೆಟ್ಟಿಗೆ. ನನ್ನ ಪಕ್ಕದ ಹಾಸಿಗೆಯಲ್ಲಿ, ನೋಡಿ ಅದೃಷ್ಟ, ನಮ್ಮ ಮಾತಿನವಳೇ ಒಬ್ಬಳು. ಇನ್ಯಾವುದೋ ದೇಶದಲ್ಲಿ ಶ್ರೀಮಂತರ ಮನೆಯ ಅಡುಗೆಯವಳು, ಸೊಂಟದ ಕೀಲು ಬದಲಾಯಿಸಿಕೊಂಡು ಮಲಗಿದ್ದಳು.

"ಇದೇನು ಆಸ್ಪತ್ರೆನೋ ಬಸ್ ಸ್ಟ್ಯಾಂಡೋ?" ಅಂದಳು. "ಎಲ್ರೂ ಪೆಟ್ಟಿಗೆ ಕಾಯ್ತಾ ಮಲಗಿದೀವಿ."

"ಬಸ್ಸು ಬಂದ್ರೆ ಹತ್ತೋಕೆ ಕಾಲು ಬೇಕಲ್ಲ, ಅದಕ್ಕೇ ಮಲಗಿರೋದು" ಅಂದೆ.

ಅವಳು ಸೊಂಟ ಹಿಡಿದುಕೊಂಡು ನಕ್ಕಳು. "ನಗಿಸ್ಬೇಡ ತಾಯಿ, ಹೊಲಿಗೆ ಬಿಡುತ್ತೆ." ಸ್ವಲ್ಪ ಹೊತ್ತಿಗೆ ಕೇಳಿದಳು. "ನೀನು ಇಲ್ಲಿರೋದು ಯಾರ್‍ಯಾರಿಗೆ ಗೊತ್ತು?"

"ತಂಗಿಗೆ. ಅವಳ ಮಗಳಿಗೆ, ತಂಗಿ ಹೇಳಿದಷ್ಟು."

"ಅವಳೊಬ್ಬಳಿಗೇ?"

"ಅವಳೊಬ್ಬಳು ಸಾಕು."

"ಹಂಗಾದ್ರೆ ಅಲ್ಲಿ ನೀನು ಬದುಕಿದೀಯೋ ಸತ್ತಿದೀಯೋ ಅನ್ನೋದೂ ಅವಳು ಹೇಳಿದ್ದೇ ನಿಜ" ಅಂದಳು. ಅಡುಗೆಯವಳ ಬಾಯಿ, ಒಗ್ಗರಣೆ ಹಾಕದೆ ಇರಲಾರದು ಅಂದುಕೊಂಡು ಆ ಕಡೆ ಮಗ್ಗುಲಾದೆ.

ಡಾಕ್ಟರು ಚಿಕ್ಕ ವಯಸ್ಸಿನವನು. ಮಂಡಿ ಕೊಯ್ದು, ಸವೆದದ್ದು ತೆಗೆದು, ಹೊಸದು ಕೂರಿಸಿದ. ನೋವೆಂದರೆ ನೋವು. ಆದರೂ ಒಂದು ಬೆಳಗ್ಗೆ ನರ್ಸಮ್ಮ ನನ್ನನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ಇಳಿ ಅಂದಳು. ಒಂದು ಕಾಲು ಒಂದು ಮೆಟ್ಟಿಲು, ಇನ್ನೊಂದು ಕಾಲು ಇನ್ನೊಂದು ಮೆಟ್ಟಿಲು, ಎಲ್ಲರ ಹಾಗೆ ಇಳಿದೆ. ಕೆಳಗೆ ನಿಂತು ಅತ್ತೆ.

ತಂಗಿ ಮೊದಮೊದಲು ದಿನಾ ಫೋನು ಮಾಡುತ್ತಿದ್ದಳು. ಬರಬರುತ್ತಾ ಕಡಿಮೆಯಾಯಿತು. ಮಾಡಿದಾಗಲೆಲ್ಲ ಒಂದೇ ಮಾತು. "ಅವಸರ ಮಾಡ್ಬೇಡಕ್ಕಾ. ಇನ್ನೊಂದಿಷ್ಟು ದಿನ ಇದ್ದು ಪೂರಾ ಗಟ್ಟಿಯಾಗಿ ಬಾ. ಬರೋ ದಿನ ಮೊದಲೇ ಹೇಳು, ನಾನೇ ಕರ್ಕೊಂಡು ಬರೋಕೆ ಬರ್ತೀನಿ." ನನ್ನ ಮೇಲೆ ಎಷ್ಟು ಜೀವ ಇವಳಿಗೆ ಅಂದುಕೊಂಡೆ.

ಡಾಕ್ಟರು ಹೇಳಿದ್ದಕ್ಕಿಂತ ಬೇಗ ಬಿಟ್ಟ. ನಾನು ತಂಗಿಗೆ ಹೇಳಲಿಲ್ಲ. ಅವಳ ಎದುರಿಗೆ ಮೆಟ್ಟಿಲಿಳಿದು ತೋರಿಸಬೇಕು ಅಂತ ನನಗೆ ಹುಡುಗಾಟದ ಆಸೆ. ವಿಮಾನ ನಿಲ್ದಾಣದಲ್ಲಿ ಒಂದು ಡಬ್ಬಿ ಸಿಹಿ ಕೊಂಡೆ, ಮದುವೆಯದೆಂದು ಹಂಚಲು. ಪೆಟ್ಟಿಗೆಯನ್ನು ಹೋಟೆಲಿನ ಹಿಂಬಾಗಿಲ ಕಾವಲುಗಾರನ ಹತ್ತಿರ ಬಿಟ್ಟು, ಡಬ್ಬಿ ಹಿಡಿದು, ಕಂಬಿ ಮುಟ್ಟದೆ ಕೆಳಗಿಳಿದೆ. ಆವಿಯ ವಾಸನೆ ಮೂಗಿಗೆ ಬಂದಾಗ ಮನೆಗೆ ಬಂದ ಹಾಗಾಯಿತು.

ಮೊದಲು ನೋಡಿದವರು ಕೂಗಿದರು. "ಅಯ್ಯೋ, ಅಕ್ಕ ಬಂದ್ಲು! ಹೇಳಿ ಹೋಗೋಕೆ ಬಂದ್ಲು!"

ಎಲ್ಲರೂ ಸುತ್ತಿಕೊಂಡರು. ಒಬ್ಬಳು ಕಣ್ಣೊರೆಸಿಕೊಂಡಳು. "ಕಾಲು ಬಿದ್ದೇ ಹೋಯ್ತು ಅಂದ್ರು, ನಡೀತಿದೀಯಲ್ಲ! ಇಷ್ಟು ಕಷ್ಟದಲ್ಲೂ ಸಿಹಿ ಬೇರೆ ತಂದಿದೀಯಾ?" ಡಬ್ಬಿ ನನ್ನ ಕೈಯಿಂದ ಜಾರಿ ಯಾರದೋ ಕೈಗೆ ಹೋಯಿತು. ಗಡಿಯಾರಮ್ಮ ಒಳಗಿನಿಂದ ಬಣ್ಣದ ಕಾಗದ ಸುತ್ತಿದ ದೊಡ್ಡ ಉಡುಗೊರೆ ಎಳೆದುಕೊಂಡು ಬಂದಳು.

"ಊರಿಗೇ ಕಳಿಸೋಣ ಅಂತಿದ್ದೆವು. ಎಲ್ಲರೂ ಸೇರಿ ಕೊಂಡದ್ದು. ಜೀವಮಾನವೆಲ್ಲ ನಿಂತೆ, ಇನ್ನು ಕೂತುಕೋ" ಅಂದಳು.

ಮಡಚುವ ಕುರ್ಚಿ. ಬೆನ್ನಿಗೆ ಮೆತ್ತೆಯಿರುವಂಥದ್ದು.

ಆಗ ಅವರ ತಲೆಗಳ ಆಚೆ ನನ್ನ ಮೇಜು ಕಂಡಿತು. ಕಡ್ಡಿ ಅಲ್ಲಿ ನಿಂತು ಇಸ್ತ್ರಿ ಮಾಡುತ್ತಿದ್ದಳು. ನನ್ನನ್ನು ನೋಡಿ ಪೆಟ್ಟಿಗೆ ನಿಲ್ಲಿಸಿ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ದೊಡ್ಡಮ್ಮಾ, ನೀನು ಕೊಟ್ಟ ಜಾಗಕ್ಕೆ ಮರ್ಯಾದೆ ತರ್ತೀನಿ. ನೋಡು, ನಿನ್ನ ಬಟ್ಟೆ ಕೂಡ ಬದಲಾಯಿಸಿಲ್ಲ, ಒಗೆದು ಮತ್ತೆ ಅದನ್ನೇ ಸುತ್ತಿದೀನಿ." ಹಿಡಿಯ ಬಟ್ಟೆ ನೋಡಿದೆ. ಅಷ್ಟು ಬೆಳ್ಳಗೆ ಅದು ಎಂದೂ ಇರಲಿಲ್ಲ.

ತಂಗಿ ಗೋಡೆಯ ಕಡೆ ತಿರುಗಿ ದುಪ್ಪಟಿಯ ರಾಶಿ ಸರಿ ಮಾಡುತ್ತಿದ್ದಳು. ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ನೋಡಿ ನನಗೆ ಎಲ್ಲ ತಿಳಿಯಿತು. ಯಾರೂ ಏನೂ ಹೇಳಬೇಕಾಗಿರಲಿಲ್ಲ. ಆದರೂ ಗಡಿಯಾರಮ್ಮ ಹೇಳಿದಳು. ಮದುವೆಗೆ ಹೋದವಳ ಕಾಲು ಅಲ್ಲೇ ಮಲಗಿತಂತೆ, ಇನ್ನು ಬರಲಾರಳಂತೆ, ಮೇಜನ್ನು ತಂಗಿಯ ಮಗಳಿಗೆ ಬಿಟ್ಟಳಂತೆ.

"ನಾಳೆ ಮಾತಾಡ್ತೀನಿ" ಅಂತಷ್ಟೇ ಅಂದು, ಕುರ್ಚಿ ಹೊತ್ತುಕೊಂಡು ಮೆಟ್ಟಿಲು ಹತ್ತಿದೆ. ಹತ್ತುವಾಗ ಒಂದಿಷ್ಟೂ ನೋವಿರಲಿಲ್ಲ. ಅದಕ್ಕೇ ಹೆಚ್ಚು ಸಂಕಟವಾಯಿತು.

ಸಂಜೆ ತಂಗಿ ಬಂದಳು. ಕಡ್ಡಿಯನ್ನು ಬ್ರೆಡ್ಡು ತರಲು ಅಂಗಡಿಗೆ ಕಳಿಸಿ ಬಂದಿದ್ದಳು. ನಾನು ಮಂಚದ ಮೇಲೆ ಕೂತಿದ್ದೆ. ಅವಳು ಎದುರಿನ ಮಂಚದ ಮೇಲೆ ಕೂತಳು.

"ಕಾಲು ಸರಿಹೋಯ್ತಾ?"

"ಹೋಯ್ತು."

"ನೋಡಿದ್ಯಾ, ನಾನು ಹೇಳಿರ್ಲಿಲ್ವಾ."

"ಯಾವಾಗಿಂದ ಇತ್ತೇ ಇದು ನಿನ್ನ ಮನಸ್ಸಲ್ಲಿ?"

"ಮೊದ್ಲಿಂದ ಇರ್ಲಿಲ್ಲ, ದೇವರಾಣೆ. ನೀನು ಹೋದ್ಮೇಲೆ... ಇವಳ ದಿನ ಮುಗೀತಾ ಬಂತು. ಎಲ್ಲಿಗೆ ಕಳಿಸ್ಲಿ ಹೇಳು? ಆ ಬಾಗಿಲಿಗಾ?" ಮಾತಾಡುತ್ತಾ ಕೈಗೆ ಸಿಕ್ಕ ಟವೆಲನ್ನು ತೊಡೆಯ ಮೇಲೆ ಹರಡಿ ಮಡಿಸತೊಡಗಿದಳು.

ನನ್ನ ತಂಗಿ ಚಿಕ್ಕಂದಿನಿಂದಲೂ ಹಾಗೆ. ಅವ್ವನ ಎದುರು ಸುಳ್ಳು ಹೇಳುವಾಗ ಲಂಗದ ಅಂಚನ್ನಾದರೂ ಮಡಿಸುತ್ತಿದ್ದಳು. ಆ ದಿನದ ದಿಂಬಿನ ಚೀಲ ನನಗೆ ನೆನಪಾಯಿತು. ಮಂಡಿ ಬದಲಾಯಿಸಿಬಿಡು ಅಂದ ಸಂಜೆಯದು. ಎಣ್ಣೆ ತಿಕ್ಕಿದ್ದು, ಪೂರಾ ಉದ್ದ ನಡೆದು ಬಂದದ್ದು, ಅವಸರ ಬೇಡ ಅಂದದ್ದು, ಒಂದೊಂದನ್ನೂ ತಿರುಗಿಸಿ ಹಿಂಬದಿ ನೋಡಬೇಕಾಯಿತು. ಯಾವುದು ನಿಜದ್ದು, ಯಾವುದು ಈ ಕೆಲಸಕ್ಕಾಗಿ ಮಾಡಿದ್ದು, ಬೇರೆ ಮಾಡಲು ಆಗಲಿಲ್ಲ. ಇವತ್ತಿಗೂ ಆಗಿಲ್ಲ.

"ನನ್ನ ಕೇಳ್ಬಹುದಾಗಿತ್ತು" ಅಂದೆ.

"ಕೇಳಿದ್ರೆ ಕೊಡ್ತಿದ್ದೆಯಾ?"

"ಕೊಡ್ತಿದ್ದೆನೋ ಏನೋ. ಈಗ ಅದು ನನಗೂ ಗೊತ್ತಾಗಲ್ಲ. ಅದನ್ನೂ ತಗೊಂಡ್ಬಿಟ್ಟೆ ನೀನು."

ಅವಳು ತಲೆಯೆತ್ತಲಿಲ್ಲ. "ನಿನಗೆ ವಯಸ್ಸಾಯ್ತಕ್ಕಾ. ಕಾಲು ಗಟ್ಟಿ ಇದೆ, ಊರಲ್ಲಿ ತಮ್ಮನ ಮನೇಲಿ ಆರಾಮಾಗಿ ಓಡಾಡ್ಕೊಂಡಿರು. ನೀನು ಸಮಾಧಾನದವಳು. ಯಾವತ್ತೂ ಏನೂ ಅಂದವಳಲ್ಲ. ಇದನ್ನೂ ಹೊಟ್ಟೆಗೆ ಹಾಕ್ಕೋತೀಯ ಅಂತ..."

ಆ ಮಾತು ಚುಚ್ಚಿದ ಹಾಗೆ ಡಾಕ್ಟರ ಕತ್ತಿಯೂ ಚುಚ್ಚಿರಲಿಲ್ಲ. ಇಷ್ಟು ವರ್ಷ ನಾನು ಸುಮ್ಮನಿದ್ದದ್ದು ನನ್ನ ಗುಣ ಅಂದುಕೊಂಡಿದ್ದೆ. ಅವಳು ಅದರ ಮೇಲೆ ಕಾಲಿಟ್ಟು ದಾಟಬಹುದು ಅಂತ ಅಳತೆ ಹಾಕಿಟ್ಟಿದ್ದಳು.

ಮೆಟ್ಟಿಲಲ್ಲಿ ಕಡ್ಡಿಯ ಹೆಜ್ಜೆ ಕೇಳಿಸಿತು. ಇಬ್ಬರೂ ಬಾಯಿ ಮುಚ್ಚಿದೆವು. ಅವಳು ಬಂದವಳೇ ನನ್ನ ಕುರ್ಚಿ ಬಿಡಿಸಿ ಕೂತು, "ಆಹಾ, ದೊಡ್ಡಮ್ಮಾ, ನೀನು ಹೋಗುವಾಗ ಇದನ್ನ ಇಲ್ಲೇ ಮರೆತು ಹೋಗು" ಅಂತ ನಗಾಡಿದಳು. ಯಾರೂ ನಗಲಿಲ್ಲ.

ಮರುದಿನ ಬೆಳಗ್ಗೆ ಪಾಳಿ ಶುರುವಾಗುವ ಮುಂಚೆ ಗಡಿಯಾರಮ್ಮನ ಮುಂದೆ ನಿಂತೆ. ತಂಗಿ, ಕಡ್ಡಿ ಇಬ್ಬರೂ ಅಲ್ಲೇ ಇದ್ದರು. ಕಡ್ಡಿಯ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇತ್ತು, ಇನ್ನೂ ತಣ್ಣಗೆ.

"ಮೇಜು ನಾನು ಕೊಟ್ಟಿಲ್ಲ" ಅಂದೆ.

ಗಡಿಯಾರಮ್ಮ ಮಣಿಕಟ್ಟು ನೋಡಿಕೊಳ್ಳಲಿಲ್ಲ, ನನ್ನ ಮುಖ ನೋಡಿದಳು. ಮದುವೆ ಇರಲಿಲ್ಲ, ಆಸ್ಪತ್ರೆಗೆ ಹೋಗಿದ್ದೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಒದ್ದೆ ದುಪ್ಪಟಿಯ ಒಂದು ಗಂಟು ತೋರಿಸಿದಳು. "ಎತ್ತು. ಮೇಲೆ ಹೋಗಿ ಇಳಿದು ಬಾ."

ಎತ್ತಿದೆ. ಹತ್ತಿದೆ. ಇಳಿದೆ. ಹೊಸ ಮಂಡಿ ನನ್ನ ಮಾನ ಉಳಿಸಿತು.

"ಮೇಜು ಇವಳದ್ದು" ಅಂದಳು ಗಡಿಯಾರಮ್ಮ, ನನ್ನನ್ನು ತೋರಿಸಿ. ತಂಗಿಯ ಕಡೆ ತಿರುಗಿ, "ಹೋಟೆಲು ತುಂಬಿದೆ, ಮಡಿಸುವ ಕೈ ನನಗೆ ಬೇಕು. ಅದಕ್ಕೇ ನೀನು ಉಳಿದೆ. ಇನ್ನು ನಿನ್ನ ಬಾಯಿಮಾತು ಈ ಕೋಣೆಯಲ್ಲಿ ನಡೆಯದು" ಅಂದಳು.

ಕಡ್ಡಿಗೆ ಅವಳ ಭಾಷೆ ಬಾರದು. ಆದರೂ ಎಲ್ಲ ಅರ್ಥವಾಗಿತ್ತು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ನನ್ನ ಹತ್ತಿರ ಬಂದಳು.

"ಕೊಟ್ಟು ಕಿತ್ಕೊಂಡೆಯಾ ದೊಡ್ಡಮ್ಮ?"

"ನಾನು ಕೊಟ್ಟಿರ್ಲಿಲ್ಲ ಮಗಾ. ನಿಮ್ಮಮ್ಮನ್ನ ಕೇಳು."

ಅವಳು ತಾಯಿಯ ಕಡೆ ನೋಡಿದಳು. ನಾನೂ ನೋಡಿದೆ. ಇಲ್ಲಿ ಒಂದು ಮಾತು, ಒಂದೇ ಒಂದು ಮಾತು ಅವಳು ಹೇಳಿಬಿಟ್ಟಿದ್ದರೆ ಉಳಿದದ್ದನ್ನೆಲ್ಲ ನಾನು ನುಂಗಿಕೊಳ್ಳುತ್ತಿದ್ದೆ. ತಂಗಿ ಒಂದು ದಿಂಬಿನ ಚೀಲ ಎತ್ತಿಕೊಂಡಳು. ಮೂಲೆಗೆ ಮೂಲೆ ಸೇರಿಸಿ ಮಡಿಸಿದಳು.

"ಫೋನಲ್ಲಿ ಹೂಂ ಅಂದಿದ್ಲು. ಕಾಲು ಸರಿಹೋದ ಮೇಲೆ ಮಾತು ಬದಲಾಯಿಸಿದ್ಲು" ಅಂದಳು.

ಕಡ್ಡಿ ನನ್ನನ್ನು ಅಪರಿಚಿತಳನ್ನು ನೋಡಿದ ಹಾಗೆ ನೋಡಿದಳು. ಮಗಳಲ್ಲವೇ, ತಾಯಿಯನ್ನು ನಂಬದೆ ಇನ್ಯಾರನ್ನು ನಂಬಬೇಕು? ಅವಳು ಒಗೆದ ಬಟ್ಟೆ ಹಿಡಿಯ ಮೇಲೆ ಹಾಗೇ ಇತ್ತು. ಕೈಯಿಟ್ಟು ಪೆಟ್ಟಿಗೆ ಬಿಸಿಗೆ ಹಾಕಿದೆ.

ಆಮೇಲಿನ ದಿನಗಳಲ್ಲಿ ಕೋಣೆಯಲ್ಲಿ ಮೂವರಿದ್ದೂ ಯಾರೂ ಇಲ್ಲದ ಹಾಗಿತ್ತು. ಬೆಳಗ್ಗೆ ಏಳುವಾಗ ಕಡ್ಡಿ ನನ್ನ ಕಾಲಿಗೆ ಸಿಗುತ್ತಿರಲಿಲ್ಲ. ನಾನು ಕಣ್ಣು ಬಿಡುವ ಮೊದಲೇ ಎದ್ದು ಹಾಸಿಗೆ ಸುತ್ತಿ ಕಿಟಕಿಯ ಹತ್ತಿರ ನಿಂತಿರುತ್ತಿದ್ದಳು. ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಅದು ಮಡಚಿಕೊಂಡು ಬಾಗಿಲ ಹಿಂದೆ ನಿಂತಿತ್ತು. ಕಡ್ಡಿಯನ್ನು ತಮ್ಮನ ಮನೆಗೆ ಕಳಿಸುವುದೆಂದು ಆಯಿತು, ನನಗಾಗಿ ಇದ್ದ ಆ ಮೂಲೆಗೆ. ಫೋನಿನಲ್ಲಿ ತಮ್ಮನ ಹತ್ತಿರ ಮಾತಾಡಿ ಒಪ್ಪಿಸಿದವಳು ನಾನೇ. ಅದು ಅವಳಿಗೆ ಗೊತ್ತಿಲ್ಲ. ತಂಗಿಗೆ ಗೊತ್ತು, ಅವಳು ಹೇಳುವುದಿಲ್ಲ.

ಮಳೆಯ ಮೊದಲ ಮೋಡ ಬಂದ ಬೆಳಗ್ಗೆ ಹುಡುಗಿ ಹೊರಟಳು. ನಮ್ಮಿಬ್ಬರಿಗೂ ಪಾಳಿ, ಯಾರೂ ಕಳಿಸಲು ಹೋಗುವ ಹಾಗಿರಲಿಲ್ಲ. ಹಿಂಬಾಗಿಲ ತನಕ ಬಂದು, ತಾಯಿಯನ್ನು ತಬ್ಬಿಕೊಂಡು, ನನ್ನ ಪಕ್ಕದಿಂದ ಹಾದು, ಪೆಟ್ಟಿಗೆ ಎಳೆದುಕೊಂಡು ಬೀದಿಗಿಳಿದಳು. ಪೆಟ್ಟಿಗೆಯ ಒಂದು ಗಾಲಿ ಕಿರುಗುಟ್ಟುತ್ತಿತ್ತು. ಅದು ನನ್ನ ಪೆಟ್ಟಿಗೆ, ಆಸ್ಪತ್ರೆಗೆ ಹೋಗಿ ಬಂದದ್ದು.

ನಾವು ಕೆಳಗಿಳಿದೆವು. ಕೊಳವೆಯಿಂದ ಬಟ್ಟೆ ಬೀಳುತ್ತಲೇ ಇತ್ತು. ಇಸ್ತ್ರಿ ಮುಗಿದ ಮೇಲೆ ದೊಡ್ಡ ದುಪ್ಪಟಿಯ ಒಂದು ತುದಿ ಹಿಡಿದು ನಿಂತೆ. ತಂಗಿ ಆ ತುದಿ ಹಿಡಿದಳು. ಝಾಡಿಸಿದೆವು. ಎಳೆದೆವು. ಅವಳ ಬಿಗಿಯಲ್ಲಿ ಏನೂ ತಿಳಿಯಲಿಲ್ಲ, ಗೋಡೆಯ ಮೊಳೆಗೆ ಕಟ್ಟಿದ ಹಗ್ಗ ಎಳೆದ ಹಾಗಿತ್ತು. ನಡೆದು ಬರುವ ಹೊತ್ತಿಗೆ ಅವಳು ಕದಲಲಿಲ್ಲ. ನನಗೀಗ ಕಾಲಿದೆಯಲ್ಲ, ಪೂರಾ ಉದ್ದ ನಾನೇ ನಡೆದೆ. ಮೂಲೆ ಕೊಟ್ಟೆ. ಬೆರಳು ತಗಲದ ಹಾಗೆ ತೆಗೆದುಕೊಂಡಳು.

ಕಡ್ಡಿ ಹೋದದ್ದು ಆವತ್ತು, ಮನೆಮಗಳನ್ನು ಕಳಿಸಬಾರದ ಶುಕ್ರವಾರ.